ಲಾಯದ ಕುದುರೆಗೆ ಕಾಳು ಸಾಲದೇ?

ಪ್ರಶ್ನೆ: ಸುಮಾರು 400 ಕಿಲೋ ತೂಗುವ ನನ್ನ ಕುದುರೆ ದಿನದ ಬಹುಪಾಲು ಲಾಯದಲ್ಲೇ ಇರುತ್ತದೆ. ಬೆಳಿಗ್ಗೆ ಮೂರು ಕಿಲೋ, ಸಂಜೆ ಮೂರು ಕಿಲೋ ಕಾಳು, ರಾತ್ರಿ ಒಂದು ಹೊರೆ ಒಣಹುಲ್ಲು ಹಾಕುತ್ತೇನೆ; ದಿನಕ್ಕೆ ಎರಡು ಸಲ ನೀರು ಕುಡಿಸುತ್ತೇನೆ. ಈಚೆಗೆ ಲದ್ದಿ ಗಟ್ಟಿಯಾಗಿದೆ, ಬಾಗಿಲ ಮರವನ್ನೂ ಕಡಿಯುತ್ತಿದೆ. ಕಾಳು ಸಾಲದೆ ಹೀಗಾಗುತ್ತಿದೆಯೇ?

ಉತ್ತರ: ಕಾಳು ಹೆಚ್ಚೇ ಆಗಿದೆ, ಕೊರತೆಯಿರುವುದು ಹುಲ್ಲಿನಲ್ಲಿ ಮತ್ತು ನೀರಿನಲ್ಲಿ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು. ಅದರಲ್ಲಿ ಆಮ್ಲ ಹಗಲಿರುಳೂ ಒಸರುತ್ತಿರುತ್ತದೆ, ಆದರೆ ಆ ಆಮ್ಲವನ್ನು ತಗ್ಗಿಸುವ ಜೊಲ್ಲು ಅಗಿಯುವಾಗ ಮಾತ್ರ ಬರುತ್ತದೆ. ಒಂದು ಕಿಲೋ ಒಣಹುಲ್ಲನ್ನು ಅಗಿದು ಮುಗಿಸಲು ಮುಕ್ಕಾಲು ಗಂಟೆಯ ಹತ್ತಿರ ಬೇಕು. ಅಷ್ಟೇ ತೂಕದ ಓಟ್ಸ್ ಹತ್ತೇ ನಿಮಿಷದಲ್ಲಿ ಖಾಲಿಯಾಗುತ್ತದೆ. ಹಗಲೆಲ್ಲ ಬಾಯಿಗೆ ಕೆಲಸವಿಲ್ಲದ ಕುದುರೆ ಬಾಗಿಲಿಗೆ ಬಾಯಿ ಹಾಕಿದರೆ ಆಶ್ಚರ್ಯವೇನಿಲ್ಲ.

ಒಣಹುಲ್ಲು ದಿನಕ್ಕೆ ದೇಹತೂಕದ ಶೇ 1.5ಕ್ಕಿಂತ ಕಡಿಮೆಯಾಗಬಾರದು, ಶೇ 2ರಷ್ಟಿದ್ದರೆ ಒಳ್ಳೆಯದು. ಎಂದರೆ ನಿಮ್ಮ ಕುದುರೆಗೆ 6ರಿಂದ 8 ಕಿಲೋ. ಹೊರೆಯ ಲೆಕ್ಕವನ್ನು ನಂಬದೆ ತಕ್ಕಡಿಯಲ್ಲೇ ತೂಗಿ, ಮೂರು ನಾಲ್ಕು ಪಾಲು ಮಾಡಿ, ದೊಡ್ಡ ಪಾಲನ್ನು ರಾತ್ರಿಗಿಡಿ. ಬೂಷ್ಟು ಹಿಡಿದ ಹುಲ್ಲನ್ನು ಎಸೆಯುವುದೇ ಸರಿ. ಕಾಳು ಒಂದು ಹೊತ್ತಿಗೆ ಒಂದೂವರೆ ಕಿಲೋ ಮೀರದಿರಲಿ, ಅದೂ ಹುಲ್ಲು ತಿಂದ ಮೇಲೆ; ಒಮ್ಮೆಗೇ ಹೆಚ್ಚು ಹಾಕಿದರೆ ಅದರ ಪಿಷ್ಟ ಜೀರ್ಣವಾಗದೆ ದೊಡ್ಡ ಕರುಳಿಗಿಳಿದು ಹುದುಗಿ, ಹೊಟ್ಟೆಶೂಲೆಗೂ ಗೊರಸಿನ ಉರಿಯೂತಕ್ಕೂ ಕಾರಣವಾಗಬಹುದು. ದಿನವೂ ದುಡಿಯದ ಕುದುರೆಗೆ ಕಾಳೇ ಬೇಡವೆಂಬುದು ನನ್ನ ಅಭಿಪ್ರಾಯ. ಆದರೂ ಈ ಬದಲಾವಣೆಯನ್ನು ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿಯೇ ಮಾಡಿ, ಏಕೆಂದರೆ ಕರುಳಿನ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಒಗ್ಗಲು ಕಾಲ ಬೇಕು.

ಲದ್ದಿ ಗಟ್ಟಿಯಾಗಲು ಮುಖ್ಯ ಕಾರಣ ನೀರೇ ಇರಬೇಕು. ಈ ಗಾತ್ರದ ಕುದುರೆ ದಿನಕ್ಕೆ 20ರಿಂದ 35 ಲೀಟರ್ ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಹೆಚ್ಚು. ಒಣಹುಲ್ಲು ತಿನ್ನುತ್ತ ನಡುನಡುವೆ ಬಂದು ಕುಡಿಯುವುದು ಅದರ ರೂಢಿ, ನೀವು ತೋರಿಸಿದ ಹೊತ್ತಿಗೆ ಅದಕ್ಕೆ ಬಾಯಾರಿರಬೇಕೆಂದಿಲ್ಲ. ಆದ್ದರಿಂದ ಲಾಯದೊಳಗೆ ಸದಾ ಎರಡು ಬಕೆಟ್ ನೀರಿರಲಿ. ಬಕೆಟ್ಟಿನ ಒಳಬದಿಗೆ ಬೆರಳು ಸವರಿ ನೋಡಿ: ಲೋಳೆ ಹತ್ತಿದರೆ, ತಳದಲ್ಲಿ ಹುಲ್ಲಿನ ಚೂರು ಕೊಳೆತು ನಾರುತ್ತಿದ್ದರೆ, ಕುದುರೆ ಮೂಸಿ ನೋಡಿ ಹಿಂದೆ ಸರಿಯುತ್ತದೆ. ದಿನವೂ ಉಜ್ಜಿ ತೊಳೆಯಿರಿ, ನೆಕ್ಕಲು ಉಪ್ಪಿನ ಗಟ್ಟಿ ಇಡಿ.

ಲದ್ದಿ ಪೂರ್ತಿ ನಿಂತರೆ, ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುತಿರುಗಿ ಪಕ್ಕೆ ನೋಡಿಕೊಳ್ಳುತ್ತ, ಹೊರಳಾಡತೊಡಗಿದರೆ, ಏನನ್ನೂ ತಿನ್ನಿಸದೆ ಆ ಕ್ಷಣವೇ ಪಶುವೈದ್ಯರನ್ನು ಕರೆಸಿ. ಕುದುರೆಗೆ ವಾಂತಿ ಮಾಡಿ ಹೊಟ್ಟೆ ಹಗುರಾಗಿಸಿಕೊಳ್ಳುವ ಶಕ್ತಿಯಿಲ್ಲ.