ನ್ಯಾನೊ ಜೆಲ್ ತರಿಸುವ ಮೊದಲು ಹಳೇ ಟ್ಯೂಬ್ ತಿರುಗಿಸಿ ನೋಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಓದುಗರೊಬ್ಬರು ಬರೆದಿದ್ದಾರೆ: ಸೊಂಟಕ್ಕೆ, ತೊಡೆ ಸಂದಿಗೆ ಹುಳಕಡ್ಡಿ ಆಗಿ ಎರಡು ವರ್ಷ ಆಯ್ತು. ಅಂಗಡಿಯವರು ಕೊಟ್ಟ ಕ್ರೀಮ್ ಹಚ್ಚಿದರೆ ನಾಲ್ಕು ದಿನ ತುರಿಕೆ ನಿಲ್ಲುತ್ತದೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ. ಮಗ ಫೋನಿನಲ್ಲಿ ‘ನ್ಯಾನೊ ಜೆಲ್’ ತೋರಿಸಿದ್ದಾನೆ, ತರಿಸಲಾ?

ಸಂಪಾದಕರ ಉತ್ತರ: ನಮಸ್ಕಾರ ಅಣ್ಣಾ. ಸದ್ಯಕ್ಕೆ ತರಿಸಬೇಡಿ.

ನಮ್ಮ ಚರ್ಮದ ಮೇಲ್ಪದರ ಹಂಚು ಹೊದಿಸಿದ ಮಾಡಿನ ಹಾಗೆ. ಸತ್ತ ಕೋಶಗಳು ಒಂದರ ಮೇಲೊಂದು ಕೂತಿರುತ್ತವೆ, ಸಂದಿಗಳಲ್ಲಿ ಕೊಬ್ಬು ತುಂಬಿರುತ್ತದೆ. ಅದಕ್ಕೇ ಹಚ್ಚಿದ ಔಷಧಿಯಲ್ಲಿ ಒಳಗೆ ಇಳಿಯುವುದು ಸ್ವಲ್ಪವೇ. ಇಂಥ ನ್ಯಾನೊ ಜೆಲ್‌ನ ಉಪಾಯ ಇಷ್ಟೇ: ಔಷಧಿಯನ್ನು ಕೊಬ್ಬಿನ ತೀರಾ ಸಣ್ಣ ಗುಳ್ಳೆಗಳಲ್ಲಿ ತುಂಬಿದರೆ ಅದು ಆ ಸಂದಿಗಳಲ್ಲಿ, ಕೂದಲ ಬುಡದಲ್ಲಿ ಹೋಗಿ ಕೂತು ನಿಧಾನಕ್ಕೆ ಬಿಡುಗಡೆ ಆಗುತ್ತದೆ. ಎಷ್ಟು ಸಣ್ಣದು ಅಂದರೆ, 200 ನ್ಯಾನೊಮೀಟರ್‌ನ ಕಣಗಳನ್ನು ಸಾಲಾಗಿ ಇಟ್ಟರೆ ಒಂದು ಕೂದಲಿನ ದಪ್ಪಕ್ಕೆ ಸುಮಾರು 400 ಬೇಕು. ಇಂಥ ಗುಳ್ಳೆಗಳನ್ನು 1960ರ ದಶಕದಲ್ಲೇ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಗುರುತಿಸಿದ್ದರು, ಲೈಪೋಸೋಮ್ ಅನ್ನುತ್ತಾರೆ. ಹುಳಕಡ್ಡಿಯ ಫಂಗಸ್ ಇರುವುದೂ ಈ ಮೇಲ್ಪದರದಲ್ಲೇ, ಹಾಗಾಗಿ ದಾರಿ ಒಳ್ಳೆಯದೇ.

ಆದರೆ ಇಲ್ಲಿ ನ್ಯಾನೊ ಅಂದರೆ ಔಷಧಿ ಹೊರುವ ಬರೀ ಗಾಡಿ ಅಣ್ಣಾ. ಗಾಡಿಯಲ್ಲಿ ಏನು ಹೇರಿದ್ದಾರೆ ಅನ್ನುವುದನ್ನು ಆ ಜಾಹೀರಾತು ಹೇಳಿದೆಯಾ?

ನನಗೆ ಹೆಚ್ಚು ಚಿಂತೆ ನಿಮ್ಮ ಹಳೇ ಕ್ರೀಮಿನದು. ಟ್ಯೂಬನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿಸಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ತುರಿಕೆ ಅಡಗಿಸುತ್ತದೆ, ಜೊತೆಗೇ ಚರ್ಮದ ಕಾವಲನ್ನೂ ಮಲಗಿಸುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ. ನೀವು ಬರೆದ ‘ನಾಲ್ಕು ದಿನ’ದ ಕಥೆಗೆ ಇದು ಸರಿಯಾಗಿ ಹೊಂದುತ್ತದೆ. 2018ರಲ್ಲೇ ಸರ್ಕಾರ ಇಂಥ ಕ್ರೀಮ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂದಿತು, ಆದರೂ ಕೇಳಿದವರಿಗೆಲ್ಲ ಸಿಗುತ್ತಿದೆ, ಇದು ನನಗೆ ತುಂಬಾ ಸಂಕಟದ ವಿಷಯ.

ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮೂರಿನ ಚಿಗಟೇರಿ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ, ಹಚ್ಚಿದ ಟ್ಯೂಬ್‌ಗಳನ್ನೆಲ್ಲ ಒಯ್ಯಿರಿ. ಬೇಕಾದರೆ ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ, ಫಂಗಸ್ ನೂಲಿನ ಎಳೆಗಳ ಹಾಗೆ ಕಾಣುತ್ತದೆ. ಗುಣವಾದಂತೆ ಕಂಡರೂ ಡಾಕ್ಟರ್ ಹೇಳಿದಷ್ಟು ದಿನ ಮುಗಿಯುವವರೆಗೆ ಔಷಧಿ ಬಿಡಬೇಡಿ. ಭಟ್ಟಿಯ ಬೆಂಕಿ ಮುಂದೆ ಬೆವರುವುದು ತಪ್ಪದು, ಆದರೆ ಸೊಂಟಕ್ಕೆ ಸುತ್ತಿದ ಟವೆಲ್ಲಿನಲ್ಲೇ ಮನೆಯವರೂ ಮೈ ಒರೆಸುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಅವರಿಗೂ ತುರಿಕೆ ಇದ್ದರೆ ಜೊತೆಗೇ ಕರೆದುಕೊಂಡು ಹೋಗಿ.

ಡಾಕ್ಟರೇ ನ್ಯಾನೊ ಜೆಲ್ ಬರೆದುಕೊಟ್ಟರೆ ಧೈರ್ಯವಾಗಿ ಹಚ್ಚಿ. ಏನಾಯ್ತು ಅಂತ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.