ಸಿ ಭಾಷೆ ಬರುತ್ತದೆ, ಆದರೆ ಲಿನಕ್ಸ್ ಡ್ರೈವರ್ ತಿದ್ದುವುದನ್ನು ಎಲ್ಲಿಂದ ಕಲಿಯಲಿ?

ಲಿನಕ್ಸಿನ ತಿರುಳಾದ ಕರ್ನಲ್‌ನ ಸೋರ್ಸ್ ತೆರೆದರೆ ತಲೆ ತಿರುಗುತ್ತದೆ ಅಂತ ಈ ಪ್ರಶ್ನೆ ಜೊತೆ ಬರೆದಿದ್ದೀರಿ. ತಿರುಗಲೇಬೇಕು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳೇ, ಅಂದರೆ ಒಂದೊಂದು ಸಾಧನವನ್ನು ನಡೆಸುವ ಕೋಡ್. ಪೂರ್ತಿ ಓದುವ ಆಸೆ ಬಿಟ್ಟು, ಕೆಟ್ಟರೂ ಬೇಜಾರಾಗದಂಥ ಒಂದು ಅಗ್ಗದ ಸಾಧನ ಹಿಡಿದುಕೊಳ್ಳಿ.

ಯಾರು ಕೇಳಿದರೂ ನಾನು ಹೇಳುವುದು ಸಿಎಚ್340 ಚಿಪ್ ಇರುವ ಯುಎಸ್‌ಬಿ-ಸೀರಿಯಲ್ ಕೇಬಲ್. ಎಲೆಕ್ಟ್ರಾನಿಕ್ಸ್ ಕಲಿಯುವವರು ಬಳಸುವ ಆರ್ಡುಯಿನೊದ ಅಗ್ಗದ ನಕಲು ಬೋರ್ಡ್‌ಗಳಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ. ಬೆಂಗಳೂರಲ್ಲಿದ್ದರೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಇದರ ಡ್ರೈವರ್ 'ಡ್ರೈವರ್ಸ್/ಯುಎಸ್‌ಬಿ/ಸೀರಿಯಲ್' ಫೋಲ್ಡರಿನಲ್ಲಿರುವ ಸಿಎಚ್341 ಅನ್ನುವ ಒಂದೇ ಫೈಲು (ಹೆಸರಲ್ಲಿ 341 ಇದ್ದರೂ 340ಕ್ಕೂ ಇದೇ).

ಅದನ್ನೂ ಮೊದಲ ಸಾಲಿಂದ ಓದಬೇಡಿ. ಐಡಿ ಟೇಬಲ್, ಅಂದರೆ ಈ ಡ್ರೈವರ್ ಗುರುತಿಸುವ ಸಾಧನಗಳ ನಂಬರ್ ಪಟ್ಟಿ, ಹುಡುಕಿ. ಚುಚ್ಚಿರುವ ಯುಎಸ್‌ಬಿ ಸಾಧನಗಳನ್ನು ತೋರಿಸುವ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಓಡಿಸಿದಾಗ ಕಾಣುವ 1ಎ86:7523 ಅಲ್ಲಿ ಇರುತ್ತದೆ. ಕೇಬಲ್ ಚುಚ್ಚಿದಾಗ ಯಾವ ಡ್ರೈವರನ್ನು ಕರೆಯಬೇಕು ಅಂತ ಕರ್ನಲ್ ನೋಡುವುದು ಈ ನಂಬರನ್ನೇ. ಆಮೇಲೆ ಸಾಧನ ಸಿಕ್ಕಾಗ ಓಡುವ ಪೋರ್ಟ್ ಪ್ರೋಬ್ ಫಂಕ್ಷನ್. ಅದರೊಳಗೆ ಸಂದೇಶ ಬರೆಯುವ ಒಂದು ಡೆವ್_ಇನ್ಫೊ (dev_info) ಸಾಲು ಸೇರಿಸಿ, ಕಂಪೈಲ್ ಮಾಡಿ ಲೋಡ್ ಮಾಡಿ (ಹೇಗೆ ಅಂತ ಕೆಳಗೆ ಹೇಳಿದ್ದೇನೆ), ಕೇಬಲ್ ಕಿತ್ತು ಮತ್ತೆ ಚುಚ್ಚಿ, ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ (dmesg) ಕಮಾಂಡಿನಲ್ಲಿ ನಿಮ್ಮ ಸಾಲು ಬಂತಾ ನೋಡಿ. ಬಂದರೆ ಪೋರ್ಟಿನ ಸೆಟ್ಟಿಂಗ್ ಬದಲಿಸುವ ಸೆಟ್_ಟರ್ಮಿಯಾಸ್ (set_termios) ಫಂಕ್ಷನ್‌ಗೆ ಹೋಗಿ. ನಿಜವಾದ ಮಜಾ ಇರುವುದು ಅಲ್ಲೇ: ನೀವು ಟರ್ಮಿನಲ್‌ನಲ್ಲಿ ವೇಗವನ್ನು 9600ರಿಂದ 115200ಕ್ಕೆ ಬದಲಿಸಿದಾಗ ಆ ಸಂಖ್ಯೆ ಹೇಗೆ ಒಂದು ಭಾಜಕವಾಗಿ, ಚಿಪ್ಪಿನ ರಿಜಿಸ್ಟರಿಗೆ ಹೋಗುತ್ತದೆ ಅಂತ ಪ್ರಿಂಟ್ ಹಾಕಿ ಕಣ್ಣಾರೆ ನೋಡಬಹುದು.

ಇಡೀ ಕರ್ನಲ್ ಕಂಪೈಲ್ ಮಾಡುವ ಅಗತ್ಯ ಇಲ್ಲ. ಓಡುತ್ತಿರುವ ಕರ್ನಲ್‌ನ ಹೆಡರ್ ಪ್ಯಾಕೇಜ್ ಹಾಕಿಕೊಂಡು, ಆ ಫೈಲನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿ, ಚಿಕ್ಕ ಮೇಕ್‌ಫೈಲ್ ಬರೆದರೆ ಸಾಕು. ಆದರೆ ಫೈಲು ಅದೇ ವರ್ಷನ್ನಿನದಾಗಿರಲಿ. ಕರ್ನಲ್ ಒಳಗಿನ ಫಂಕ್ಷನ್‌ಗಳು ಬದಲಾಗುತ್ತಲೇ ಇರುತ್ತವೆ, ಅದಕ್ಕೇ ಹಳೆಯ ಕರ್ನಲ್ 2.6 ಕಾಲದ ಪಾಠಗಳು ಈಗ ಎಷ್ಟೋ ಕಡೆ ಕಂಪೈಲೇ ಆಗುವುದಿಲ್ಲ. ಹೀಗೆ ಕಂಪೈಲ್ ಆದ ಡ್ರೈವರನ್ನು ಇನ್ಸ್‌ಮಾಡ್ (insmod) ಕಮಾಂಡಿನಿಂದ ಲೋಡ್ ಮಾಡಿದಾಗ 'ಕೀ ರಿಜೆಕ್ಟೆಡ್' ಅಂದರೆ, ಒಪ್ಪಿತ ಸಹಿ ಇಲ್ಲದ ಕೋಡನ್ನು ಬಿಡದ ಸೆಕ್ಯೂರ್ ಬೂಟ್ ತಡೆಯುತ್ತಿದೆ ಅಂತ ಅರ್ಥ. ಉಬುಂಟು 22.04ರಲ್ಲಿ ಪೋರ್ಟ್ ಬಂದು ತಕ್ಷಣ ಮಾಯವಾದರೆ ನಿಮ್ಮ ಕೋಡನ್ನು ಬೈಯಬೇಡಿ. ಅಂಧರ ಬ್ರೈಲ್ ಸಾಧನಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ (brltty) ಅನ್ನುವ ಪ್ರೋಗ್ರಾಂ ಇದೇ ಐಡಿ ನೋಡಿ ಕೇಬಲ್ಲನ್ನು ತನ್ನದು ಅಂದುಕೊಳ್ಳುತ್ತದೆ.

ಇದೆಲ್ಲ ವರ್ಚುವಲ್ ಮಷೀನ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರಿನಲ್ಲಿ ಮಾಡಿ, ಯುಎಸ್‌ಬಿಯನ್ನು ಅದಕ್ಕೇ ಕೊಟ್ಟುಬಿಡಿ. ಪಾಯಿಂಟರ್ ತಪ್ಪಿದರೆ ಬೀಳುವುದು ಒಳಗಿನ ಕರ್ನಲ್ ಮಾತ್ರ, ನಿಮ್ಮ ಲ್ಯಾಪ್‌ಟಾಪ್ ಅಲ್ಲ.

ಬೇಸರವಾದಾಗ ಆ ಫೈಲಿನ ಗಿಟ್ ಲಾಗ್, ಅಂದರೆ ಅದರ ಬದಲಾವಣೆಗಳ ದಾಖಲೆ, ಓದಿ. ಪ್ರತಿ ಸಾಲು ಯಾಕೆ ಬಂತು ಅಂತ ಮಾಡಿದವರೇ ಬರೆದಿರುತ್ತಾರೆ, ನನಗಂತೂ ಯಾವ ಕೋರ್ಸಿಗಿಂತಲೂ ಅದೇ ಜಾಸ್ತಿ ಕಲಿಸಿದ್ದು.