ಅತ್ತೆಯ ಕೋಣೆಯ ಬಾಗಿಲು

ದಾವಣಗೆರೆಯಲ್ಲಿ ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದ ಗೃಹಿಣಿಯೊಬ್ಬರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ. ಅವರನ್ನು ರೀಟಮ್ಮ ಅನ್ನೋಣ. ವಯಸ್ಸು 46, ಗಂಡ ಆಟೋ ಓಡಿಸುತ್ತಾರೆ, ಮಗಳು ಪಿಯುಸಿ ಓದುತ್ತಾಳೆ. ಕಥೋಲಿಕ ಕುಟುಂಬ.

"ಮೇಡಂ, ಪ್ರಾರ್ಥನೆಗೆ ಕುಂತ್ರೆ ಒಳಗೆ ಏನೂ ಇಲ್ಲ, ಬರೀ ಬಾಯಿ ಆಡ್ತೈತೆ. ದೇವ್ರ ಮೇಲಿನ ಪ್ರೀತಿನೇ ಹೋಗ್ಬಿಟ್ಟೈತೇನೋ" ಅಂದರು ಮೊದಲ ದಿನ.

ದಿನಚರಿ ಕೇಳಿದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಜಪಸರ ಹಿಡಿಯುತ್ತಾರೆ. ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳನ್ನು ರಹಸ್ಯಗಳು ಅನ್ನುತ್ತಾರೆ. ಸಂತೋಷ, ಬೆಳಕು, ದುಃಖ, ಮಹಿಮೆ ಎಂಬ ನಾಲ್ಕು ಬಗೆಯ ರಹಸ್ಯಗಳಲ್ಲಿ ದಿನಕ್ಕೊಂದು ಬಗೆಯನ್ನು, 50 ಸಲ "ನಮೋ ಮರಿಯಾ" ಪ್ರಾರ್ಥನೆ ಹೇಳುತ್ತ ಧ್ಯಾನಿಸುವುದು ರೂಢಿ. ಇವರು ನಾಲ್ಕನ್ನೂ ಮುಗಿಸುತ್ತಾರೆ, ಅಂದರೆ 200 ಸಲ "ನಮೋ ಮರಿಯಾ". ಆಮೇಲೆ ಚರ್ಚಿನಲ್ಲಿ ಬಲಿಪೂಜೆ (ಮಾಸ್), ಸಂಜೆ ಪ್ರಾರ್ಥನಾ ಕೂಟ, ಬುಧವಾರ ಶುಕ್ರವಾರ ಉಪವಾಸ. ಒಂದು ಮಣಿ ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡ್ತೀರಾ ಎಂದು ವಿಚಾರಿಸಿದೆ. ಹಾಗೇನಿಲ್ಲ ಅಂದರು. ಹೌದು ಅಂದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಭಕ್ತಿಯ ವೇಷ ಹಾಕಿ ಬರುವ ಗೀಳು ಕಾಯಿಲೆಯನ್ನು ನೋಡಿದ್ದೇನೆ. ನಿದ್ದೆ ಮಾತ್ರ ತೀರಾ ಕೆಟ್ಟಿತ್ತು. ರಾತ್ರಿ ತಡೆಯಲಾಗದಷ್ಟು ಸಂಕಟವಾದರೆ ಕರೆ ಮಾಡಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟೆ.

ಮನೆಯಲ್ಲಿ ಯಾರ್ಯಾರಿದ್ದೀರಿ ಅಂದಾಗ ಅತ್ತೆಯ ಹೆಸರು ಕೊನೆಗೆ ಬಂತು. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ, ಮಾತು ನಿಂತಿದೆ.

"ಅವರಿಗೆ ಊಟ ಮಾಡ್ಸೋದು ಯಾರು?"

ರೀಟಮ್ಮನ ಹೆಬ್ಬೆರಳು ಜಪಸರದ ಒಂದೇ ಮಣಿಯನ್ನು ಬಹಳ ಹೊತ್ತು ತಿರುಗಿಸಿತು. ಬಳಸಿ ಬಳಸಿ ಬಣ್ಣ ಹೋದ ಮರದ ಮಣಿ. "ಗಂಜಿ ನಾನೇ ಕಾಯಿಸ್ತೀನಿ. ತಿನ್ಸೋದು ನಮ್ಮನೆಯವ್ರು, ಇಲ್ಲಾಂದ್ರೆ ಮಗಳು. ನಾ ಒಳಗೆ ಹೋಗಲ್ಲ."

ಕಾರಣ ಎರಡನೇ ಭೇಟಿಯಲ್ಲಿ ಹೊರಬಂತು. ಹಿಂದಿನ ಸೆಪ್ಟೆಂಬರ್ 8ರಂದು, ಹರಿಹರದ ಆರೋಗ್ಯಮಾತೆ ಮರಿಯಮ್ಮನವರ ಹಬ್ಬಕ್ಕೆ ಬೆಳಿಗ್ಗೆಯೇ ಹೋಗಿದ್ದರು. ಅತ್ತೆ "ಯಾಕೋ ತಲೆ ಭಾರ ಆಗೈತೆ" ಅಂದಿದ್ದು ಕಿವಿಗೆ ಬಿದ್ದಿತ್ತು. ಬಸ್ಸು ತಪ್ಪೀತು ಅಂತ ಹೊರಟೇಬಿಟ್ಟರು. ಬಚ್ಚಲಲ್ಲಿ ಬಿದ್ದಿದ್ದ ಅತ್ತೆಯನ್ನು ಪಕ್ಕದ ಮನೆಯವರು ನೋಡಿದ್ದು ಮಧ್ಯಾಹ್ನ. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ಸೇರಬೇಕು. ಆ ಹೊತ್ತು ಮೀರಿತ್ತು.

"ನೀವು ಮನೆಯಲ್ಲಿದ್ದಿದ್ದರೂ ಇಷ್ಟೇ ಆಗ್ತಿತ್ತು" ಎಂದು ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. ಸುಳ್ಳು ಸಮಾಧಾನ ನಾಲ್ಕು ದಿನಕ್ಕೆ ಕರಗುತ್ತದೆ. ಬದಲಿಗೆ ಹೀಗೆ ಕೇಳಿದೆ: "200 ಜಪ ಮಾಡ್ತೀರಲ್ಲ, ಅದು ದೇವರ ಹತ್ರ ಮಾತಾಡ್ತಿರೋದಾ, ದಂಡ ಕಟ್ತಿರೋದಾ?" ಅವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯ ನನಗೆ ನೆನಪಾಗಿತ್ತು. ತಂದೆತಾಯಿಗೆ ಸಲ್ಲಬೇಕಾದುದನ್ನು "ಕೊರ್ಬಾನ್", ದೇವರಿಗೆ ಮೀಸಲು ಎಂದು ಹೇಳಿ ಜಾರಿಕೊಳ್ಳುವವರನ್ನು ಯೇಸು ಅಲ್ಲಿ ಗದರಿಸುತ್ತಾರೆ. ನಾನೂ ಅದೇ ವಿಶ್ವಾಸದವಳು, ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. ಹೆದರಿದವರ ಬೆನ್ನಿಗೆ ದೇವರ ವಾಕ್ಯದಿಂದಲೇ ಬಾರಿಸುವ ಚಾಳಿ ನಮ್ಮಲ್ಲಿ ಬಹಳ ಇದೆ. ಹೆದರಿಕೆ ಇರುವಲ್ಲಿ ಪ್ರೀತಿ ಪೂರ್ಣವಾಗಿಲ್ಲ ಎಂದು ಯೋವಾನ್ನರ ಪತ್ರ ಹೇಳುತ್ತದೆ. ರೀಟಮ್ಮನಲ್ಲಿ ಪ್ರೀತಿ ಸತ್ತಿರಲಿಲ್ಲ, ಹೆದರಿಕೆಯ ಕೆಳಗೆ ಸಿಕ್ಕಿಕೊಂಡಿತ್ತು.

ಅವರಿಗೆ ಹೇಳಿದ್ದು ಜೇನ್ ದ ಶಾಂತಾಲ್ ಎಂಬ ಸಂತಳ ಕಥೆ. ಫ್ರಾನ್ಸಿನವಳು, 1601ರಲ್ಲಿ ವಿಧವೆಯಾದಳು, ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಸಿಡುಕು ಸ್ವಭಾವದ ಮಾವನ ಮನೆಯಲ್ಲಿ ಬಾಳಿದಳು. 1604ರಲ್ಲಿ ಅವಳಿಗೆ ಸಂತ ಫ್ರಾನ್ಸಿಸ್ ದ ಸೇಲ್ಸ್ ಅವರ ಮಾರ್ಗದರ್ಶನ ಸಿಕ್ಕಿತು. ಮನೆಯ ಆಳುಗಳು ಆಗ ಆಡಿಕೊಂಡರಂತೆ: ಮೊದಲಿನ ಗುರುಗಳು ಅಮ್ಮನವರಿಂದ ದಿನಕ್ಕೆ ಮೂರು ಸಲ ಪ್ರಾರ್ಥನೆ ಮಾಡಿಸುತ್ತಿದ್ದರು, ಮನೆಯವರಿಗೆಲ್ಲ ತೊಂದರೆ, ಈ ಗುರುಗಳು ದಿನವಿಡೀ ಮಾಡಿಸುತ್ತಾರೆ, ಯಾರಿಗೂ ತೊಂದರೆಯಿಲ್ಲ. ರೀಟಮ್ಮ ಕಣ್ಣೊರೆಸಿಕೊಂಡು, "ನಮ್ಮ ಮಗಳೂ ಹಂಗೇ ಅಂತಾಳೆ ಮೇಡಂ, ನೀನು ಜಪಸರ ಹಿಡಿದ್ರೆ ನಾವು ಉಸಿರಾಡಂಗಿಲ್ಲ ಅಂತ" ಅಂದರು.

ಕೊಟ್ಟ ಸಲಹೆ ಇಷ್ಟು. ಪ್ರಾರ್ಥನೆ ಎಷ್ಟಿರಬೇಕೆಂದು ನಿಮ್ಮ ಧರ್ಮಕೇಂದ್ರದ ಗುರುಗಳನ್ನೇ ಕೇಳಿ, ಅದನ್ನು ನಿರ್ಧರಿಸುವವಳು ನಾನಲ್ಲ. ಪಾಪನಿವೇದನೆಯಲ್ಲಿ ಆ ದಿನದ ವಿಷಯವನ್ನೂ ಹೇಳಿಕೊಳ್ಳಿ. ನನ್ನ ಕಡೆಯಿಂದ ಒಂದೇ ಕೆಲಸ: ದಿನಕ್ಕೆ ಒಂದು ಹೊತ್ತಿನ ಗಂಜಿ ನೀವೇ ತಿನ್ನಿಸಬೇಕು. ಕ್ಷಮೆ ಕೇಳುವ ಮಾತು ಮೊದಲ ದಿನವೇ ಬೇಡ. ಅತ್ತೆಗೆ ಮಾತು ಬರದಿದ್ದರೂ ಅರ್ಥವಾಗುತ್ತಿರಬಹುದು, ಮುಖ ನೋಡಿ ಮಾತಾಡಿ. ಇನ್ನೊಂದು ಸಂಗತಿಯನ್ನೂ ತಿಳಿಸಿದೆ. ಪಾರ್ಶ್ವವಾಯುವಿನಿಂದ ಮಾತು ಹೋದವರಿಗೂ ಚಿಕ್ಕಂದಿನಿಂದ ಬಾಯಿಪಾಠವಾದ ಪ್ರಾರ್ಥನೆ, ಎಣಿಕೆ, ಹಾಡು ಕೆಲವೊಮ್ಮೆ ಉಳಿದಿರುತ್ತವೆ. ವಾಕ್ ಚಿಕಿತ್ಸೆ ಕೊಡುವವರನ್ನು ಕೇಳಿ, ಜಪಸರವನ್ನು ಅವರ ಮಂಚದ ಪಕ್ಕದಲ್ಲೇ ಹಿಡಿದು ನೋಡಿ.

ಮೊದಲ ವಾರ ಬಾಗಿಲವರೆಗೆ ಹೋಗಿ ಎರಡು ಸಲ ಹಿಂದೆ ಬಂದರಂತೆ. ಮೂರನೇ ಸಲ ಒಳಗೆ ಹೋದರು. ಗಂಜಿ ಬಾಯಿಯ ಬಲತುದಿಯಿಂದ ಸೋರಿ ಗಲ್ಲಕ್ಕೆ ಇಳಿಯಿತು. ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ ಅತ್ತೆ ಎಡಗೈಯಿಂದ ಸೊಸೆಯ ಸೆರಗನ್ನೇ ಎಳೆದು ಒರೆಸಿಕೊಂಡರು. ಅವತ್ತೇ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ ಎಂದರು ರೀಟಮ್ಮ.

ಆರನೇ ಭೇಟಿಗೆ ಬಂದಾಗ ಜಪಸರ ಕೈಯಲ್ಲಿರಲಿಲ್ಲ. ಅತ್ತೆಯ ದಿಂಬಿನ ಕೆಳಗಿದೆ ಅಂದರು. ಈಗ ದಿನಕ್ಕೊಂದೇ ಬಗೆಯ ರಹಸ್ಯ. "ಮೊದ್ಲು ಅದಕ್ಕೆ ಇಪ್ಪತ್ತು ನಿಮಿಷ ಸಾಕಿತ್ತು. ಈಗ ಮುಕ್ಕಾಲು ಗಂಟೆ ಹಿಡೀತೈತೆ. ನೀರು ಅನ್ನಾಕೂ ಬರಲ್ಲ ಅವ್ರಿಗೆ, 'ನಮೋ ಮರಿಯಾ' ಮಾತ್ರ ತಡವರಿಸ್ಕೊಂಡು ಅಂತಾರೆ. ಒಂದೊಂದು ಮಣಿಗೂ ಅವ್ರಿಗೆ ಕಾಯ್ಬೇಕ್ರಿ."

ಗಂಡನ ಜೊತೆ ಆ ದಿನದ ಮಾತು ಇನ್ನೂ ಆಗಿಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.